ಗಾಡಿ ನಿಂತ ಊರಿನ ಪೂಜಾರಪ್ಪ

ಸಾಸ್ವೆಹಳ್ಳಿಯಿಂದ ಹೊಳೆಯ ಗುಂಟ ಕೆಳಕ್ಕೆ ನಡೆದರೆ ಸಿಗುವ ಒಂದು ಸಣ್ಣ ಊರಿನಲ್ಲಿ ಮಾರಮ್ಮನ ಗುಡಿಯೊಂದಿದೆ. ಇತ್ತೀಚೆಗೆ ಅದಕ್ಕೊಂದು ಜೀರ್ಣೋದ್ಧಾರ ಸಮಿತಿ ಹುಟ್ಟಿದೆ. ಸಮಿತಿ ಹುಟ್ಟಿದ ಮೇಲೆ ಇತಿಹಾಸವೂ ಹುಟ್ಟಬೇಕಾದದ್ದು ನ್ಯಾಯವೇ. ಸಮಿತಿಯ ಮಹನೀಯರು ಚನ್ನಗಿರಿಯ ನನ್ನ ಮನೆಗೆ ದಯಮಾಡಿಸಿದರು. ಆ ಊರಿನಲ್ಲಿ ಮೇಷ್ಟರಾಗಿದ್ದವರಲ್ಲಿ ಬದುಕಿ ಉಳಿದವನು ನಾನೊಬ್ಬನೇ ಎಂದೂ, ನಾನು ಉಳಿದದ್ದು ಇದೇ ಕಾರ್ಯಕ್ಕಾಗಿ ಇರಬೇಕೆಂದೂ ಸೂಚಿಸಿ, ಗುಡಿಯ ಇತಿಹಾಸವನ್ನೂ ಮಹಿಮೆಯನ್ನೂ ಬರೆದುಕೊಡಲು ಅಪ್ಪಣೆ ಮಾಡಿ, ಕಾಫಿ ಕುಡಿದು ಹೊರಟರು.

ಬರೆಯಲು ಕುಳಿತರೆ ಇತಿಹಾಸ ಬರಲಿಲ್ಲ. ಮಹಿಮೆಯಂತೂ ಹತ್ತಿರವೂ ಸುಳಿಯಲಿಲ್ಲ. ಬಂದು ಎದುರಿಗೆ ನಿಂತವರು ಆ ಗುಡಿಯ ಹಳೆಯ ಪೂಜಾರಪ್ಪ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸೀಮೆಎಣ್ಣೆ ಸಿಗದ ಒಂದು ಬೇಸಿಗೆಯಲ್ಲಿ ತೀರಿಕೊಂಡವರು. ಸಮಿತಿಗೆ ಬೇಕಾದದ್ದು ಅವರಲ್ಲ ಎಂದು ನನಗೆ ಗೊತ್ತು. ಆದರೆ ಅವರನ್ನು ದಾಟಿ ಗುಡಿಯೊಳಕ್ಕೆ ಹೋಗುವ ದಾರಿ ನನಗೆ ತಿಳಿಯದು.

ಪ್ರಪಂಚದಲ್ಲಿ ನಾನು ಕಂಡ ಅತ್ಯಂತ ಪುಕ್ಕಲು ಮನುಷ್ಯ ಅವರು. ಇದನ್ನು ನಿಂದೆಯೆಂದು ತಿಳಿಯಬಾರದು. ಕೆಲವರಿಗೆ ಸಂಗೀತ, ಕೆಲವರಿಗೆ ಗರಡಿ, ಅವರಿಗೆ ಭಯ. ಎತ್ತರದ ಆಳು, ಬಡಕಲು, ಉದ್ದ ಕುತ್ತಿಗೆ. ಮಾತನಾಡುವ ಮುಂಚೆ ಒಮ್ಮೆ ಉಗುಳು ನುಂಗುತ್ತಿದ್ದರು. ಆಗ ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬರುವುದನ್ನು ಎದುರಿಗಿದ್ದವರು ಕಾಯಬೇಕಾಗುತ್ತಿತ್ತು.

ನಾನು ಆ ಊರಿಗೆ ವರ್ಗವಾಗಿ ಹೋದದ್ದು ಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ. ಊರ ಬಾಗಿಲ ಪಕ್ಕದ ಒಂದು ಮನೆಯ ಮುಂಭಾಗದಲ್ಲಿ ಶಾಲೆ, ಹಿಂಭಾಗದಲ್ಲಿ ನನ್ನ ಸಂಸಾರ. ಸಂಸಾರವೆಂದರೆ ನಾನು ಮತ್ತು ಜಗಳೂರು ಕಡೆಯಿಂದ ಮದುವೆಯಾಗಿ ಬಂದಿದ್ದ ನನ್ನ ಹೆಂಡತಿ. ಗುಡಿ ನಮ್ಮ ಮನೆಯಿಂದ ಕೂಗಳತೆ. ಹೋದ ಮೊದಲನೆಯ ಬೆಳಿಗ್ಗೆ ಆ ಕಡೆಯಿಂದ ಒಂದು ಕೆಮ್ಮು, ಅದರ ಹಿಂದೆ ಒಂದು ಗಂಡುದನಿ ಕೇಳಿಸಿತು.

"ನಾನು ಕಣವ್ವಾ. ನಾನೇ. ಬ್ಯಾರೆ ಯಾರೂ ಅಲ್ಲ. ಬಾಗಿಲು ತೆಗೀತೀನಿ."

ರಾತ್ರಿಯೆಲ್ಲ ಹೊರಗೆ ಕಳೆದು ಬಂದ ಗಂಡನೊಬ್ಬ ಹೆಂಡತಿಯನ್ನು ಒಲಿಸಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ವಿಚಾರಿಸಿದಾಗ ತಿಳಿಯಿತು: ಅದು ಪೂಜಾರಪ್ಪ ಗುಡಿಯ ಬಾಗಿಲು ತೆಗೆಯುವ ಮಂತ್ರ. ಅವರಿಗೆ ಬೇರೆ ಮಂತ್ರ ಬರುತ್ತಿರಲಿಲ್ಲ. ಪೂಜೆ ಮುಗಿಸಿ ಬರುವಾಗ ಅಮ್ಮನಿಗೆ ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. ಹೀಗೆ ಬರುತ್ತ ಒಮ್ಮೆ, ಹಣ್ಣುಕಾಯಿ ಮಾಡಿಸಲು ಬಂದಿದ್ದ ನ್ಯಾಮತಿಯ ವರ್ತಕರೊಬ್ಬರ ಮಡಿಲಲ್ಲಿ ಕುಳಿತುಬಿಟ್ಟರಂತೆ. ವರ್ತಕರು ಅದನ್ನೂ ಪ್ರಸಾದವೆಂದೇ ಸ್ವೀಕರಿಸಿದರು.

ಅಮ್ಮನ ಹೆಸರು ಅವರ ಬಾಯಲ್ಲಿ ಬರುತ್ತಿರಲಿಲ್ಲ. 'ಒಳಗಿನೋರು' ಎನ್ನುತ್ತಿದ್ದರು. ಒಳಗಿನೋರಿಗೆ ಇವತ್ತು ಸೆಖೆ. ಒಳಗಿನೋರು ನಿನ್ನೆಯಿಂದ ಮಾತಾಡಿಲ್ಲ. ಒಂದು ದಿನ ನಾನು ಕೇಳಿದೆ:

"ಅಷ್ಟೊಂದು ಹೆದರಿಕೆ ಯಾಕೆ ಪೂಜಾರಪ್ಪ? ದಿನಾ ಪೂಜೆ ಮಾಡೋರು ನೀವು."

ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. "ದಿನಾ ನೋಡ್ತೀನಲ್ರಿ ಮೇಷ್ಟ್ರೆ, ಅದಕ್ಕೇ. ನೀವು ಹಬ್ಬಕ್ಕೊಂದು ಸಲ ಕಾಯಿ ಒಡೆಸಾಕೆ ಬರ್ತೀರಿ. ಅವರ ಕಣ್ಣು ಹೆಂಗೈತೆ ಅಂತ ನಿಮಗೇನು ಗೊತ್ತಾಗ್ತದೆ?"

ಅದೇನೋ ನಿಜ. ಅಮ್ಮ ಮರದ ಮೂರ್ತಿ, ಸೊಂಟದ ತನಕ ಮಾತ್ರ. ಕೆಂಪು ಮುಖ, ರೆಪ್ಪೆಯಿಲ್ಲದ ದೊಡ್ಡ ಬಿಳಿ ಕಣ್ಣು. ಸೊಂಟದಿಂದ ಕೆಳಗೆ ಸದಾ ಒಂದು ಕೆಂಪು ಸೀರೆಯನ್ನು ನೆರಿಗೆ ಹಿಡಿದು ಇಳಿಬಿಟ್ಟಿರುತ್ತಿದ್ದರು. ಪೀಠವನ್ನು ಯಾರೂ ನೋಡಿದವರಿರಲಿಲ್ಲ.

ಗುಡಿಯ ಇತಿಹಾಸದ ಬಗ್ಗೆ ಸಮಿತಿಗೆ ಇರುವ ಕೊರತೆ ಪೂಜಾರಪ್ಪನವರಿಗೆ ಇರಲಿಲ್ಲ. ಕೇಳಿದವರ ಅಂತಸ್ತಿಗೆ ಒಪ್ಪುವ ಇತಿಹಾಸವನ್ನು ಅವರು ಕೈಗೆಟಕುವಂತೆ ಇಟ್ಟುಕೊಂಡಿದ್ದರು. ಹೊನ್ನಾಳಿಯಿಂದ ಅಮಲ್ದಾರರು ಬಂದರೆ, ವನವಾಸದ ಪಾಂಡವರು ದ್ರೌಪದಿಯ ಜೊತೆಗೆ ಬಂದು ಪ್ರತಿಷ್ಠೆ ಮಾಡಿದ್ದು. ಬಸವಾಪಟ್ಟಣದ ಕಡೆಯವರು ಬಂದರೆ, ಅಲ್ಲಿಯ ಕೋಟೆಯ ಪಾಳೇಗಾರನೊಬ್ಬನಿಗೆ ಕನಸು ಬಿದ್ದು ತರಿಸಿದ್ದು. ನ್ಯಾಮತಿಯ ವರ್ತಕರಾದರೆ ಬೆಲ್ಲದ ಮೂಟೆಗಳ ನಡುವೆ ಬಂದದ್ದು. ಸೂರಗೊಂಡನಕೊಪ್ಪಕ್ಕೆ ಹೋಗುತ್ತ ದಾರಿಯಲ್ಲಿ ನಿಂತ ಲಂಬಾಣಿ ತಾಂಡಾದ ಜನ ಕೇಳಿದರೆ, ಅವರ ಹಿರಿಯರ ಎತ್ತಿನ ಹಿಂಡಿನ ಜೊತೆಗೇ ಬಂದದ್ದು. ಯಾರನ್ನೂ ಬರಿಗೈಯಲ್ಲಿ ಕಳಿಸಿದವರಲ್ಲ. ಎಲ್ಲ ಕಥೆಗಳೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಮಾತ್ರ ಒಂದೇ ಕಡೆ: "ಗಾಡಿ ಇಲ್ಲಿಗೆ ಬಂದು ನಿಂತುಬಿಡ್ತು ನೋಡ್ರಿ. ಮುಂದೆ ಹೋಗಲಿಲ್ಲ." ಪಾಂಡವರಿಗೆ ಗಾಡಿ ಎಲ್ಲಿಯದು ಎಂದು ಅಮಲ್ದಾರರು ಕೇಳಲಿಲ್ಲ. ಅವರೂ ಜಟಕಾದಲ್ಲಿ ಬಂದವರು.

ಹೊನ್ನಾಳಿಯಿಂದ ವರ್ಷಕ್ಕೊಮ್ಮೆ ದಾಕು ಹಾಕುವವನು ಬರುತ್ತಿದ್ದ. ಸಿಡುಬು ಬಾರದಿರಲೆಂದು ತೋಳು ಗೀರಿ ಔಷಧ ಹಾಕುವುದಕ್ಕೆ ಆಗ ನಮ್ಮಲ್ಲಿ ದಾಕು ಎನ್ನುತ್ತಿದ್ದರು. ಅವನು ಊರ ಬಾಗಿಲಿಗೆ ಬರುವ ಹೊತ್ತಿಗೆ ಪೂಜಾರಪ್ಪ ಜೋಳದ ಹೊಲ ಸೇರಿರುತ್ತಿದ್ದರು. ಸೂಜಿಯ ಹೆದರಿಕೆ ಎಂದು ಊರು ನಗುತ್ತಿತ್ತು. ನಾನೂ ನಗುತ್ತಿದ್ದೆ, ನನ್ನ ತೋಳಿನಲ್ಲಿ ಚನ್ನಗಿರಿ ಶಾಲೆಯಲ್ಲೇ ಹಾಕಿಸಿಕೊಂಡ ದಾಕಿನ ಗುರುತು ಭದ್ರವಾಗಿತ್ತು.

"ಸೂಜಿಗೆ ಅಲ್ರಿ," ಎಂದರು ಒಮ್ಮೆ. "ಸಿಡುಬು ಅಂದ್ರೆ ಯಾರು? ಒಳಗಿನೋರೇ ಅಲ್ಲೇನ್ರಿ? ಅವರ ಅನ್ನ ತಿಂದು, ಅವರು ಬರೋ ಬಾಗಿಲಿಗೇ ಅಗುಳಿ ಹಾಕಾಕೆ ಆಗ್ತದಾ? ನಾಳೆ ಬೆಳಿಗ್ಗೆ ಯಾವ ಮಖ ಇಟ್ಕಂಡು ಒಳಗೆ ಹೋಗ್ಲಿ?"

ಅವರ ಭಯಕ್ಕೂ ಒಂದು ಮರ್ಯಾದೆಯಿತ್ತು.

ಈಗ ಹೊರಬೀಡಿನ ಸಂಗತಿ ಹೇಳಬೇಕು. ಬೇಸಿಗೆಯಲ್ಲಿ ಒಂದು ಮಂಗಳವಾರ ಇಡೀ ಊರು ಊರನ್ನು ಬಿಡಬೇಕು. ಸೂರ್ಯ ಹುಟ್ಟುವುದರೊಳಗೆ ಮನುಷ್ಯರು, ದನಕರು, ಕೋಳಿ, ನಾಯಿ ಎಲ್ಲ ಹೊರಗೆ. ಒಲೆಯಲ್ಲಿ ಕೆಂಡ ಇರಬಾರದು. ಮನೆಗಳ ಬಾಗಿಲು ತೆರೆದೇ ಇರಬೇಕು. ಎಲ್ಲರೂ ಹೊರಟ ಮೇಲೆ ಪೂಜಾರಪ್ಪ ಗುಡಿಯ ಬಾಗಿಲು ತೆಗೆದಿಟ್ಟು ಕೊನೆಯವರಾಗಿ ಬರುತ್ತಿದ್ದರು. ಬರುತ್ತಿದ್ದರು ಎನ್ನುವುದಕ್ಕಿಂತ ಓಡುತ್ತಿದ್ದರು. ಅವರ ಹಿಂದೆ ಊರ ಬಾಗಿಲಿಗೆ ಜಾಲಿಮುಳ್ಳಿನ ಬೇಲಿ ಎಳೆಯುತ್ತಿದ್ದರು. ಆಮೇಲೆ ಹಗಲೆಲ್ಲ ಊರು ಅಮ್ಮನದು. ಅವಳು ಯಾರ ಮನೆಗೆ ಬೇಕಾದರೂ ಹೋಗಬಹುದು, ಏನು ಬೇಕಾದರೂ ನೋಡಬಹುದು. ಜನ ಹೊಳೆದಂಡೆಯಲ್ಲಿ ಅಡಿಗೆ ಮಾಡಿ ಉಂಡು, ದನಿ ತಗ್ಗಿಸಿ ಮಾತನಾಡುತ್ತ, ಮಧ್ಯೆ ಮಧ್ಯೆ ಊರ ಕಡೆ ನೋಡುತ್ತ ಸಂಜೆ ಮಾಡುತ್ತಿದ್ದರು. ಹೊತ್ತು ಮುಳುಗುವಾಗ ಪೂಜಾರಪ್ಪ ಮೊದಲಿಗರಾಗಿ ಒಳಹೋಗಿ, ಗುಡಿಯ ಬಾಗಿಲು ಹಾಕಿ, ಬೇಲಿಯ ಹತ್ತಿರ ಬಂದು, "ಬರ್ರಿ, ಒಳಗಿನೋರು ಒಳಗೆ ಹೋದ್ರು" ಎಂದು ಕೂಗಬೇಕು. ಆಗ ಊರು ಊರಿಗೆ ಬರುತ್ತಿತ್ತು. ಹೊನ್ನಾಳಿ ಸೀಮೆಯ ಕಳ್ಳರೂ ಆ ದಿನ ರಜೆ ತೆಗೆದುಕೊಳ್ಳುತ್ತಿದ್ದರು.

ಆ ದಿನ ಒಳಗೆ ಉಳಿದವರನ್ನು ಅಮ್ಮ ಬಿಡುವುದಿಲ್ಲ ಎಂದು ನಂಬಿಕೆ. ಉಳಿದವರನ್ನು ಮಾತ್ರವಲ್ಲ, ಉಳಿಸಿದ ಊರನ್ನೂ.

ಸೀಮೆಎಣ್ಣೆ ಸಿಗದ ಆ ವರ್ಷ ಹೊರಬೀಡಿಗೆ ಇನ್ನೇನು ಕೆಲವು ದಿನ ಇರುವಾಗ ನನ್ನ ಹೆಂಡತಿಗೆ ಜ್ವರ ಬಂತು. ಜ್ವರ ಇಳಿಯುತ್ತಿದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಹಣೆಯ ಮೇಲೆ, ಮುಂಗೈ ಮೇಲೆ ಗುಳ್ಳೆ ಎದ್ದವು. ಜಗಳೂರು ಕಡೆ ಅವಳ ತವರಿನಲ್ಲಿ ದಾಕು ಹಾಕುವವನು ಬಂದಾಗ ಹೆಣ್ಣುಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರಂತೆ. ಸುದ್ದಿ ಬಚ್ಚಿಡಲು ಮಾತ್ರ ನಮ್ಮ ಮನೆಯಲ್ಲಿ ಕಣಜ ಇರಲಿಲ್ಲ. ಸಂಜೆಯ ಹೊತ್ತಿಗೆ ನಮ್ಮ ಬಾಗಿಲಿಗೆ ಯಾರೋ ಬೇವಿನ ಸೊಪ್ಪು ಸಿಕ್ಕಿಸಿ ಹೋಗಿದ್ದರು. ಶಾಲೆಗೆ ಮಕ್ಕಳು ಬರುವುದು ನಿಂತಿತು.

ಹೊರಬೀಡಿನ ಹಿಂದಿನ ದಿನ ಗುಡಿಯ ಮುಂದೆ ಹಿರಿಯರು ಸೇರಿದರು. ನನ್ನನ್ನು ಕರೆಸಿ, ಸ್ವಲ್ಪ ದೂರದಲ್ಲಿ ನಿಲ್ಲಿಸಿದರು. ಚರ್ಚೆ ಬಹಳ ಶಾಸ್ತ್ರೋಕ್ತವಾಗಿತ್ತು. ಮೈಮೇಲೆ ಅಮ್ಮ ಎದ್ದವಳು ಅಮ್ಮನೇ. ಅವಳನ್ನು ಜನರ ಜೊತೆ ಹೊಳೆದಂಡೆಗೆ ಕರೆದೊಯ್ದರೆ ಅಮ್ಮನೂ ಜನರ ಜೊತೆ ಬಂದಂತಾಯಿತು. ಮತ್ತೆ ಊರು ಬಿಡುವುದು ಯಾರಿಗಾಗಿ? ಒಳಗೇ ಬಿಟ್ಟರೆ ಮನುಷ್ಯಳೊಬ್ಬಳು ಒಳಗೆ ಉಳಿದಂತಾಯಿತು, ಅದು ಆಗಕೂಡದು. ಒಬ್ಬ ಮುದುಕ ಹೇಳಿದ: "ಒಬ್ಬಳೇ ಇರ್ಲಿ ಬಿಡ್ರಿ. ಅಮ್ಮನ ಜತೆ ಅಮ್ಮ ಇರ್ತಾಳೆ." ಅಮ್ಮ ಅಮ್ಮನಿಗೆ ನೀರು ಕೊಡುತ್ತಾಳೆಯೇ ಎಂದು ನಾನು ಕೇಳಿದೆ. ಇದು ಶಾಸ್ತ್ರದ ಪ್ರಶ್ನೆಯಲ್ಲವೆಂದು ಯಾರೂ ಉತ್ತರಿಸಲಿಲ್ಲ.

ಕೊನೆಗೆ ಊರ ಗೌಡರು ನನ್ನ ಕಡೆ ತಿರುಗಿದರು. ಕೆಟ್ಟವರಲ್ಲ, ಮಾತು ಆಡಲಾರದೆ ಆಡಿದರು.

"ಮೇಷ್ಟ್ರೆ, ತಪ್ಪು ತಿಳೀಬ್ಯಾಡ್ರಿ. ಗಾಡಿ ನಂದು, ಎತ್ತು ನಂದು. ಒಳಗೆ ಮೆತ್ತಗೆ ಹುಲ್ಲು ಹಾಸಿಸ್ತೀನಿ, ಮ್ಯಾಲೆ ಕಂಬಳಿ ಕಟ್ಟಿಸ್ತೀನಿ. ನಮ್ಮ ಗಡಿ ದಾಟಿಸಿದ್ರೆ ಆಯ್ತು. ಮುಂದಿನ ಊರೋರು ನೋಡ್ಕಂತಾರೆ."

"ಅವರು ಏನು ನೋಡಿಕೊಳ್ಳುತ್ತಾರೆ ಗೌಡರೆ?"

"ಅವರೂ ದಾಟಿಸ್ತಾರೆ."

ಈ ಏರ್ಪಾಟಿನಲ್ಲಿ ನನ್ನ ಹೆಂಡತಿ, ಬಿರುಬೇಸಿಗೆಯಲ್ಲಿ, ಮೈತುಂಬ ಗುಳ್ಳೆ ಹೊತ್ತು, ಊರಿಂದ ಊರಿಗೆ ಗೌರವಪೂರ್ವಕವಾಗಿ ರವಾನೆಯಾಗುತ್ತ, ತವರನ್ನೇ ಮುಟ್ಟಿದರೂ ಮುಟ್ಟಬಹುದಾಗಿತ್ತು. ಜೀವಸಹಿತ ಮುಟ್ಟುತ್ತಿರಲಿಲ್ಲ, ಅಷ್ಟೆ. ನನ್ನ ಕಾಲು ನಡುಗುತ್ತಿದ್ದವು. ಗಾಡಿಗೆ ಹತ್ತಿಸಲು ಬಿಡುವುದಿಲ್ಲ ಎಂದೆ.

"ನಿಮ್ಮ ಹೆಂಡ್ತಿ ಮ್ಯಾಲೆ ನನಗೇನು ಹಗೆ ಐತ್ರಿ?" ಎಂದರು ಗೌಡರು. "ಹಿಂದೊಂದು ಸಲ ಮುದುಕಿ ಒಬ್ಬಳು ಕಾಲು ಬರಲ್ಲ ಅಂತ ಒಳಗೇ ಉಳಕಂಡ್ಲು. ಆ ವರ್ಸ ನನ್ನ ಮೊಮ್ಮಗ ಹೋದ. ಮನೇಲಿ ಇನ್ನೊಂದು ಕೂಸೈತೆ. ನಾನೇನು ಮಾಡ್ಲಿ, ನೀವೇ ಹೇಳ್ರಿ."

ಅವರ ಕಣ್ಣಿನಲ್ಲಿದ್ದದ್ದೂ ನನ್ನ ಕಾಲಿನಲ್ಲಿದ್ದದ್ದೂ ಒಂದೇ. ಅಂಥವರ ಜೊತೆ ವಾದಿಸುವುದು ಹೇಗೆ?

ಆಗ ಗುಡಿಯ ಮೆಟ್ಟಿಲಿನ ಹತ್ತಿರ ಪೂಜಾರಪ್ಪ ಎದ್ದು ನಿಂತರು. ಹಿರಿಯರ ಸಭೆಯಲ್ಲಿ ಅವರು ಬಾಯಿ ತೆಗೆದದ್ದನ್ನು ನಾನು ಕಂಡಿರಲಿಲ್ಲ. ಗಂಟಲ ಗಂಟು ಮೇಲೆ ಹೋದದ್ದು ಕೆಳಗೆ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಒಳಗಿನೋರು ಊರಿಗೆ ಬಂದದ್ದು ಹೆಂಗೆ ಅಂತ ಹೇಳ್ತೀನಿ ಗೌಡ್ರೆ."

"ಈಗೆಂಥದೋ ಅದು? ಪಾಳೇಗಾರನ ಕನಸು. ಎಲ್ಲರಿಗೂ ಗೊತ್ತೈತೆ, ಕೂತ್ಕ."

"ಅದಲ್ಲ."

ಅವರು ಕೆಮ್ಮಿದರು. "ನಾನು ಕಣವ್ವಾ," ಎಂದು ಒಳಗೆ ಹೋದರು. ನಾವೆಲ್ಲ ಹೊರಗಿನಿಂದ ನೋಡುತ್ತಿದ್ದಂತೆ, ಮೂರ್ತಿಯ ಪಕ್ಕಕ್ಕೆ ಸರಿದು, ಮುಖ ಬೇರೆ ಕಡೆ ತಿರುಗಿಸಿಕೊಂಡು, ಆ ಕೆಂಪು ಸೀರೆಯ ಅಂಚು ಹಿಡಿದು ಮೇಲೆತ್ತಿದರು. ಕೆಳಗೆ ಪೀಠ ಇರಲಿಲ್ಲ. ಒಂದು ದಪ್ಪ ಹಲಗೆ. ಹಲಗೆಗೆ ಅಡ್ಡಲಾಗಿ ಗಾಲಿಯ ಅಚ್ಚಿನ ತೂತು. ಮುಂದುಗಡೆ ಹಗ್ಗ ಎಳೆದು ಎಳೆದು ಸವೆದ ಗುರುತು.

ಅಲ್ಲಿದ್ದ ಪ್ರತಿಯೊಬ್ಬನಿಗೂ ಅದು ಏನೆಂದು ಗೊತ್ತಿತ್ತು. ಊರಿನಲ್ಲಿ ಬೇನೆ ಬಂದರೆ ಮಾರಿಯ ಬೊಂಬೆ ಮಾಡಿ, ಪುಟ್ಟ ಗಾಡಿಯಲ್ಲಿ ಕೂರಿಸಿ, ಗಡಿಯಾಚೆ ನೂಕಿ ಬರುವುದು ನಮ್ಮ ಸೀಮೆಯ ಪದ್ಧತಿ. ಇದು ಪ್ರತಿಷ್ಠೆ ಮಾಡುವ ಮೂರ್ತಿಯಲ್ಲ. ಕಳಿಸಿಬಿಡುವ ಮೂರ್ತಿ.

ಸೀರೆ ಇಳಿಬಿಟ್ಟು ಪೂಜಾರಪ್ಪ ಹಿಂದಕ್ಕೆ ಹಿಂದಕ್ಕೆ ನಡೆದು ಬಂದರು. ಬಾಗಿಲಿಗೆ ಮುಖ ಮಾಡಿಕೊಂಡೇ, ನಮಗೆ ಬೆನ್ನು ಹಾಕಿ ಹೇಳಿದರು:

"ನಮ್ಮ ಮುತ್ತಜ್ಜನ ಕಾಲ್ದಾಗೆ ಮೇಲಿನ ಊರೋರು ಇವರನ್ನ ತಂದು ನಮ್ಮ ಗಡೀಲಿ ಬಿಟ್ರು. ಹೊತ್ತು ಮುಳುಗೋದ್ರಾಗೆ ನಾವು ಕೆಳಗಿನ ಊರಿಗೆ ದಾಟಿಸ್ಬೇಕು. ಎಳಿಯಾಕೆ ಮುತ್ತಜ್ಜನ್ನ ಕಳಿಸಿದ್ರು. ಅವನೂ ನನ್ನಂಗೇ. ಇಲ್ಲೀಗಂಟ ಬಂದ. ಕತ್ತಲಾಗ್ತಾ ಇತ್ತು. ಮುಂದೆ ಹಳ್ಳ, ಹಿಂದೆ ಇವರು. ಹಿಂದಿಂದ ಏನೋ ಸದ್ದಾತು. ಹಗ್ಗ ಬಿಸಾಕಿ ಓಡಿಬಂದು, ದಾಟಿಸಿ ಬಂದೆ ಅಂತ ಊರಿಗೆ ಹೇಳಿದ. ಬೆಳಿಗ್ಗೆ ಜನ ನೋಡ್ತಾರೆ, ಇಲ್ಲೇ ಮರದ ಕೆಳಗೆ ಕೂತವ್ರೆ. ಇವನು ಏನು ಮಾಡ್ಬೇಕು? ತಾವಾಗೇ ತಿರುಗಿ ಬಂದ್ರು, ಊರು ಬಿಟ್ಟು ಹೋಗಲ್ವಂತೆ ಅಂದ. ಊರೋರು ಹೆದರಿ ಗುಡಿ ಕಟ್ಟಿದ್ರು. ನಿನ್ನ ಹಿಂದೇನೇ ಬಂದವ್ರೆ ಅಂತ ಅವನ್ನೇ ಪೂಜಾರಿ ಮಾಡಿದ್ರು. ಯಾರನ್ನ ಬಿಟ್ಟು ಓಡಿದ್ನೋ ಅವರ ಬಾಗಿಲು ತೆಗಿಯೋದೇ ಕೆಲಸ ಆತು. ಸಾಯೋ ಮುಂದೆ ನಮ್ಮಜ್ಜಗೆ ಹೇಳಿದ. ಅಜ್ಜ ಅಪ್ಪಗೆ ಹೇಳಿದ. ಅಪ್ಪ ನನಗೆ ಹೇಳಿದ."

ಗೌಡರ ಮುಖ ಕಪ್ಪಿಟ್ಟಿತ್ತು. "ನಿಮ್ಮದು ವಂಶಾನೇ ಹೇಡಿ ವಂಶ ಏನೋ?"

"ಹೂಂ ಗೌಡ್ರೆ. ಗುಡಿ ನಿಂತಿರೋದೇ ಅದರ ಮ್ಯಾಲೆ."

ಮತ್ತೆ ಹೇಳಿದರು: "ಆ ವರ್ಸ ಮೇಲಿನ ಊರಾಗೂ ಜನ ಹೋದ್ರು, ಕೆಳಗಿನ ಊರಾಗೂ ಹೋದ್ರು. ನಮ್ಮೂರಾಗೆ ಯಾರೂ ಹೋಗಲಿಲ್ಲ. ಇವರು ನಿಂತರು ಅಂತ ಉಳಿದ್ವೋ, ಮುತ್ತಜ್ಜನ ಪುಣ್ಯವೋ, ನನಗೆ ಗೊತ್ತಿಲ್ಲ. ಅವತ್ತಿಂದ ವರ್ಸಕ್ಕೊಂದು ದಿನ ಬಾಗಿಲು ತೆಗೆದಿಟ್ಟು ಊರು ಬಿಡ್ತೀವಿ. ಯಾಕೆ ಹೇಳ್ರಿ? ಹೋಗೋದಿದ್ರೆ ಯಾರೂ ನೋಡದಂಗೆ ಹೋಗ್ಲಿ ಅಂತ. ಅವರು ಹೋಗಿಲ್ಲ. ಈಗ ಅವರು ಮೇಷ್ಟ್ರ ಹೆಂಡ್ತಿ ಮ್ಯಾಲೆ ಬಂದವ್ರೆ. ಗಾಡೀಲಿ ಹಾಕಿ ಕಳಿಸ್ತೀನಿ ಅಂತೀರಿ. ಕಳಿಸ್ರಿ. ನಾಳೆಯಿಂದ ನಾನು ಯಾರಿಗೆ ಬಾಗಿಲು ತೆಗೀಲಿ?"

ಗೌಡರು ಹೆಗಲ ಟವಲು ಕೊಡವಿ ಎದ್ದರು. "ಇರ್ಲಿ, ಒಳಗೇ ಇರ್ಲಿ. ಊರಿಗೆ ಏನಾದ್ರೂ ಆದ್ರೆ ಜವಾಬು ಕೊಡಾಕೆ ಒಬ್ಬರು ಬೇಕಲ್ಲ?"

"ನಾನೇ ಇರ್ತೀನಿ ಒಳಗೆ," ಎಂದರು ಪೂಜಾರಪ್ಪ. ಎಂದವರೇ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಧೈರ್ಯದ ಪ್ರದರ್ಶನ ಅಷ್ಟಕ್ಕೆ ಮುಗಿಯಿತು.

ನಾನಂತೂ ಹೆಂಡತಿಯ ಜೊತೆ ಇರುವವನೇ. ನೀವೇಕೆ ಎಂದು ಆಮೇಲೆ ಕೇಳಿದೆ. "ಇರ್ರಿ ನೀವು, ಬ್ಯಾಡ ಅಂದವರು ಯಾರು? ಆದ್ರೆ ಅವರು ಬಾಗಿಲಿಗೆ ಬಂದ್ರೆ ಮಾತಾಡ್ಸಾಕೆ ನಿಮಗೆ ಬರಲ್ಲ," ಎಂದರು.

ಖಾಲಿ ಊರಿನ ಹಗಲು ಹೇಗಿರುತ್ತದೆಂದು ನಾನು ಮೊದಲು ಯೋಚಿಸಿರಲಿಲ್ಲ. ಬೇಲಿ ಎಳೆದ ಸದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಕೋಳಿ ಇಲ್ಲ, ಒನಕೆ ಇಲ್ಲ, ಹೊಗೆ ಇಲ್ಲ. ಬೀದಿಯುದ್ದಕ್ಕೂ ತೆರೆದ ಬಾಗಿಲುಗಳು, ಒಳಗೆಲ್ಲ ಕತ್ತಲು. ಬಿಸಿಲು ಮಾತ್ರ ಬೀದಿಯಲ್ಲಿ ಎದ್ದು ನಿಂತಿತ್ತು. ಕತ್ತಲಲ್ಲಿ ಹೆದರುವುದು ಸುಲಭ, ಏನೂ ಕಾಣುವುದಿಲ್ಲವಲ್ಲ. ಅಲ್ಲಿ ಎಲ್ಲವೂ ಕಾಣುತ್ತಿತ್ತು.

ಗುಡಿಯ ಬಾಗಿಲು ತೆರೆದಿಟ್ಟು ಪೂಜಾರಪ್ಪ ಓಡಿಬಂದು ನಮ್ಮ ಹೊಸ್ತಿಲಲ್ಲಿ ಕುಳಿತರು. ಕುಳಿತ ಮೇಲೆ ಅವರಿಗೆ ದೊಡ್ಡ ಕಷ್ಟ ಎದುರಾಯಿತು. ಬೀದಿಯಲ್ಲಿ ಅಮ್ಮ ಓಡಾಡುವ ದಿನ. ಬೀದಿಗೆ ಬೆನ್ನು ಮಾಡುವಂತಿಲ್ಲ. ಒಳಗೆ ಚಾಪೆಯ ಮೇಲೆ ಮಲಗಿರುವವಳಲ್ಲೂ ಅಮ್ಮನೇ. ಒಳಕ್ಕೂ ಬೆನ್ನು ಮಾಡುವಂತಿಲ್ಲ. ಹಾಗೆ ತಿರುಗಿ, ಹೀಗೆ ತಿರುಗಿ, ಕೊನೆಗೆ ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ, ಒಂದು ಕಣ್ಣು ಒಳಕ್ಕೆ, ಒಂದು ಕಣ್ಣು ಹೊರಕ್ಕೆ ಇಟ್ಟು ಏಡಿಯಂತೆ ಅಡ್ಡಡ್ಡ ಕುಳಿತರು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಒಲೆ ಹಚ್ಚುವಂತಿಲ್ಲ, ಗಂಜಿ ಇಲ್ಲ. ಇದ್ದದ್ದು ನೀರು ಮಾತ್ರ. ಅವಳು ನೀರು ನೀರು ಎನ್ನುತ್ತಿದ್ದಳು. ಒಂದು ಸಲ ನಾನು ಕೊಟ್ಟರೆ ಒಂದು ಸಲ ಅವರು. ಕೊಡುವ ಮುಂಚೆ ಪ್ರತಿ ಸಲವೂ ಕೆಮ್ಮಿ, "ನಾನು ಕಣವ್ವಾ, ನೀರು ತಂದೀನಿ" ಎಂದು, ಬೇವಿನ ಸೊಪ್ಪಿನಿಂದ ಗಾಳಿ ಹಾಕಿ, ತುಟಿಗೆ ತಂಬಿಗೆ ಹಿಡಿಯುತ್ತಿದ್ದರು. ಅವಳು ಮುಖ ಹೊರಳಿಸಿದರೆ ಬೆರಳಿನಿಂದ ತುಟಿ ಒದ್ದೆ ಮಾಡುತ್ತಿದ್ದರು. ಮುಟ್ಟಬೇಡಿ, ಅಂಟೀತು, ನಿಮಗೆ ದಾಕಿಲ್ಲ ಎಂದೆ. ಅವರ ಕಿವಿಗೆ ಹೋದಂತೆ ಕಾಣಲಿಲ್ಲ. ಅವರು ಹೆದರುತ್ತಿದ್ದ ಸಂಗತಿಗಳ ಪಟ್ಟಿಯಲ್ಲಿ ಸಾವು ಎಲ್ಲೋ ಕೆಳಗಿತ್ತೆಂದು ತೋರುತ್ತದೆ.

ನಡುಹಗಲಿಗೆ ಗುಡಿಯ ಕಡೆ ಬಾಗಿಲು ಧಡ್ ಎಂದಿತು.

"ಹೊಂಟ್ರು," ಎಂದರು.

ಗಾಳಿ, ಎಂದೆ. ನಿಜಕ್ಕೂ ಗಾಳಿಯೇ. ಬೀದಿಯ ಆ ತುದಿಯಲ್ಲಿ ಧೂಳಿನ ಸುಳಿಯೊಂದು ಎದ್ದಿತ್ತು. ಬೇಸಿಗೆಯಲ್ಲಿ ಏಳುವಂಥದ್ದೇ, ಮಕ್ಕಳಿಗೆ ಅದರ ಕಾರಣವನ್ನು ನಾನೇ ಪಾಠ ಮಾಡಿದ್ದೆ. ಅದು ಒಂದು ಮನೆಯ ತೆರೆದ ಬಾಗಿಲಿನೊಳಗೆ ಹೊಕ್ಕು, ಒಳಗೆ ಏನನ್ನೋ ಉರುಳಿಸಿ, ಹೊರಬಂತು. ಮತ್ತೊಂದು ಮನೆಯ ಮುಂದೆ ನಿಂತು, ಹೊಟ್ಟು ಎಬ್ಬಿಸಿ, ಮುಂದೆ ಸರಿಯಿತು. ಹಾಗೇ ಬೀದಿಯುದ್ದಕ್ಕೆ ಬಂತು, ಯಾವ ಆತುರವೂ ಇಲ್ಲದೆ, ಯಾರ ಮನೆಯೆಂದು ಗುರುತು ಹಿಡಿಯುವವರ ಹಾಗೆ. ಪಾಠದಲ್ಲಿ ಇದರ ವಿಷಯ ಇರಲಿಲ್ಲ. ನಮ್ಮ ಬಾಗಿಲಿಗೆ ಬಂದು, ಪೂಜಾರಪ್ಪನ ಪಂಚೆಯ ತುದಿ ಎತ್ತಿ, ಅಲ್ಲೇ ನಿಂತು, ಕುಸಿಯಿತು. ತಂದ ತರಗೆಲೆಯೆಲ್ಲ ಹೊಸ್ತಿಲ ಮೇಲೆ ಉದುರಿತು.

ಅವರು ಕಣ್ಣು ಮುಚ್ಚಿದ್ದರು. ತುಟಿ ಅಲುಗುತ್ತಿತ್ತು. "ನಾನು ಕಣವ್ವಾ. ನಾನೇ."

ಒಳಗಿನಿಂದ ನನ್ನ ಹೆಂಡತಿ, ಜ್ವರದ ದನಿಯಲ್ಲಿ, ಆದರೆ ಬಹಳ ಸ್ಪಷ್ಟವಾಗಿ ಹೇಳಿದಳು: "ಯಾರೋ ಬಂದಾರಲ್ಲ. ಬಿಸಿಲಾಗೆ ಬಂದಾರೆ. ನೀರು ಕೊಡ್ರಿ ಅವರಿಗೆ."

ಪೂಜಾರಪ್ಪ ಎರಡೂ ಕೈಯಲ್ಲಿ ತಂಬಿಗೆ ಹಿಡಿದು, ಅರ್ಧ ನೀರು ಚೆಲ್ಲುತ್ತ, ಅದನ್ನು ಹೊಸ್ತಿಲಾಚೆ ಇಟ್ಟರು. ಆಮೇಲೆ ಆ ಕಡೆ ನೋಡಲೇ ಇಲ್ಲ. ಸಂಜೆ ನಾನು ನೋಡಿದೆ. ನೀರು ಇಟ್ಟಷ್ಟೇ ಇತ್ತು, ಮೇಲೆ ಧೂಳು ಕೂತಿತ್ತು. ಅದನ್ನು ಅವರಿಗೆ ಹೇಳಲಿಲ್ಲ.

ಹೊತ್ತು ಇಳಿಯಿತು. ಅವಳು ಉಸಿರಾಡುತ್ತಿದ್ದಳು. ಆ ದಿನದ ಮಟ್ಟಿಗೆ ಅದಕ್ಕಿಂತ ಹೆಚ್ಚಿನದನ್ನು ನಾನು ಬಯಸಿರಲಿಲ್ಲ. ಪೂಜಾರಪ್ಪ ಎದ್ದು ಹೋಗಿ, ಕೆಮ್ಮಿ, ಗುಡಿಯ ಬಾಗಿಲು ಹಾಕಿ, ಊರ ಬಾಗಿಲಿಗೆ ಬಂದರು. ನಮ್ಮ ಮನೆ ಪಕ್ಕದಲ್ಲೇ ಆದ್ದರಿಂದ ನನಗೆ ಎಲ್ಲ ಕೇಳಿಸುತ್ತಿತ್ತು. ಬೇಲಿಯ ಆಚೆ ಇಡೀ ಊರು, ದನಕರು, ಅಳುವ ಮಕ್ಕಳು. ಅವರು ಆಡಬೇಕಾದದ್ದು ಒಂದೇ ಮಾತು: ಒಳಗಿನೋರು ಒಳಗೆ ಹೋದ್ರು.

ಅವರು ಆಡಲಿಲ್ಲ.

"ಏನೋ, ಹೋದ್ಲಾ ಅಮ್ಮ?" ಎಂದರು ಗೌಡರು.

"ಇಲ್ಲ ಗೌಡ್ರೆ. ಮೇಷ್ಟ್ರ ಮನೇಲೇ ಅವ್ರೆ."

"ಮತ್ತೆ ನಾವು ಬರಬೌದೋ ಬ್ಯಾಡವೋ?"

"ನನಗೆ ಗೊತ್ತಿಲ್ರಿ." ದನಿ ಒಡೆದು ಹೋಗಿತ್ತು. "ನಮ್ಮ ಮುತ್ತಜ್ಜ ಸುಳ್ಳು ಹೇಳಿದ, ಊರು ಉಳೀತು. ನಾನು ನಿಜ ಹೇಳ್ತಿದೀನಿ. ಏನಾಗ್ತದೋ ಏನೋ."

ಒಂದು ಮಾತಿನಲ್ಲಿ ಮುಗಿಯುತ್ತಿದ್ದ ಕೆಲಸ; ಸುಳ್ಳು ಹೇಳಿಬಿಡಿ ಎಂದು ನಾನು ಒಳಗಿನಿಂದ ಕೂಗುವವನಿದ್ದೆ. ಅಷ್ಟರಲ್ಲಿ ಕಟ್ಟು ಬಿಡಿಸಿಕೊಂಡ ಗೌಡರ ಎಮ್ಮೆಯೊಂದು, ಕರುವಿನ ನೆನಪಾಗಿಯೋ ಕೊಟ್ಟಿಗೆಯ ನೆನಪಾಗಿಯೋ, ಈ ಧರ್ಮಸೂಕ್ಷ್ಮವನ್ನೆಲ್ಲ ಕೊಂಬಿನಿಂದ ಪಕ್ಕಕ್ಕೆ ಸರಿಸಿ, ಮುಳ್ಳು ತುಳಿದು ಒಳನುಗ್ಗಿತು. ಅದರ ಹಿಂದೆ ಇನ್ನೆರಡು ಎಮ್ಮೆ. ಎಮ್ಮೆಯ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಮಕ್ಕಳು. ಹಿರಿಯರು ಕೊನೆಗೆ ಬಂದರು. ಗೌಡರು ಮೊಮ್ಮಗುವನ್ನು ಎದೆಗೆ ಅವಚಿಕೊಂಡು, ನಮ್ಮ ಮನೆಯ ಕಡೆ ತಿರುಗದೆ, ದೊಡ್ಡ ಹೆಜ್ಜೆ ಹಾಕಿ ಹೋದರು.

ಆಮೇಲಿನ ದಿನಗಳಲ್ಲಿ ಊರಿನ ಕಿವಿಯೆಲ್ಲ ಗೌಡರ ಮನೆಯ ಕಡೆ ಇತ್ತು. ಕೂಸು ಕೆಮ್ಮಿದರೆ ಬೀದಿ ನಡುಗುತ್ತಿತ್ತು. ಕೂಸಿಗೆ ಏನೂ ಆಗಲಿಲ್ಲ. ನನ್ನ ಹೆಂಡತಿಯ ಗುಳ್ಳೆ ಒಣಗಿ, ಹೊಪ್ಪಳೆ ಉದುರಿತು. ಮುಖದ ತುಂಬ ಕಲೆ, ಕಾಲಲ್ಲಿ ತ್ರಾಣವಿಲ್ಲ, ಆದರೆ ಬದುಕಿದಳು. ಆ ವರ್ಷ ಊರಿನಲ್ಲಿ ಅಮ್ಮ ಮತ್ತೆ ಎದ್ದದ್ದು ಒಬ್ಬರ ಮೇಲೆ ಮಾತ್ರ.

ಒಂದು ಬೆಳಿಗ್ಗೆ ಗುಡಿಯ ಕಡೆಯಿಂದ ಕೆಮ್ಮು ಕೇಳಿಸಲಿಲ್ಲ. ಸೀರೆ ಎತ್ತಿದ್ದಕ್ಕೆ ಶಿಕ್ಷೆ ಎಂದರು ಕೆಲವರು. ಗುಟ್ಟು ಒಡೆದದ್ದಕ್ಕೆ ಎಂದರು ಕೆಲವರು. ನನಗೆ ಗೊತ್ತಿದ್ದ ಕಾರಣವನ್ನು ನಾನು ಬಾಯಿಬಿಡಲಿಲ್ಲ. ಅದು ಅವರ ಮನೆಯಲ್ಲಿ ಯಾರಿಗೂ ಸಮಾಧಾನ ತರುವಂಥದ್ದಾಗಿರಲಿಲ್ಲ. ಗಾಡಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಗೌಡರು ದಿನವೂ ಮಜ್ಜಿಗೆ ಕಳಿಸಿ, ಬಾಗಿಲಾಚೆ ಇರಿಸುತ್ತಿದ್ದರು. ಒಳಗೆ ಹೋಗಲು ಪೂಜಾರಪ್ಪನವರ ಸ್ವಂತ ಮಕ್ಕಳೂ ಹಿಂಜರಿಯುತ್ತಿದ್ದರು. ಒಮ್ಮೆ ಅಮ್ಮ ಬಂದು ಹೋದವರಿಗೆ ಮತ್ತೆ ಬರುವುದಿಲ್ಲವಾದ್ದರಿಂದ, ಹೆದರದೆ ಹತ್ತಿರ ಕೂರಬಲ್ಲವಳು ನನ್ನ ಹೆಂಡತಿಯೊಬ್ಬಳೇ. ಗೋಡೆ ಹಿಡಿದು ನಡೆದು ಹೋಗಿ, ನೀರಿನ ತಂಬಿಗೆ ಪಕ್ಕಕ್ಕಿಟ್ಟುಕೊಂಡು ಅವರ ತಲೆಯ ಬಳಿ ಕುಳಿತಳು. ನಾನು ಬೇವಿನ ಸೊಪ್ಪು ಹಿಡಿದು ಕಾಲ ಬಳಿ ನಿಂತಿದ್ದೆ. ಅವರು ಉಳಿಯುವುದಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ಮುಖವೇ ಇರಲಿಲ್ಲ. ಕಣ್ಣು ಮಾತ್ರ ದೊಡ್ಡದಾಗಿ ತೆರೆದಿತ್ತು, ಅದರ ತುಂಬ ಭಯ. ಅವಳು ಹೋಗಿ ಕುಳಿತ ಎರಡನೆಯ ದಿನ ಮಧ್ಯಾಹ್ನ ತೀರಿಕೊಂಡರು.

ಆ ಮೊದಲ ದಿನ ಅವಳ ಮುಖದ ಕಲೆಗಳನ್ನು ಬಹಳ ಹೊತ್ತು ನೋಡಿದರು. ಗಂಟಲ ಗಂಟು ಕಷ್ಟಪಟ್ಟು ಮೇಲೆ ಹೋಗಿ, ಕಷ್ಟಪಟ್ಟು ಕೆಳಗೆ ಬಂತು.

"ತಾಯೀ, ನಿಮಗೆ ಗೊತ್ತೈತೆ. ಅವರು ಮೈಯೊಳಗೆ ಬಂದಾಗ ಹೆಂಗಿರ್ತದೆ? ಭಾಳ ಹೆದರಿಸ್ತಾರಾ?"

ನನ್ನ ಹೆಂಡತಿ ಸುಳ್ಳು ಸಮಾಧಾನ ಹೇಳುವವಳಲ್ಲ.

"ಹೆದರಿಸಲಿಲ್ಲಪ್ಪ," ಎಂದಳು. "ಅವರಿಗೆ ನೀರಡಿಕೆ ಭಾಳ. ನನಗೆ ತಿಳಿದಿದ್ದು ಅಷ್ಟೇ."

ಅವರ ಕಣ್ಣು ತಂಬಿಗೆಯ ಕಡೆ ಹೊರಳಿತು.

"ಹಂಗಾರೆ ಕುಡೀಲಿ," ಎಂದರು. ಎಂದು ಬಾಯಿ ತೆರೆದರು.